ರಜೆಯ ಕಾಯಕ

ಬೇಸಗೆಯ ರಜೆ ಎಂದೊಡನೆ ಪಟ್ಟಣದ ಮನೆಗಳಲ್ಲಿ ಅಜ್ಜಿಯ ಊರು, ಮಾವಿನ ಹಣ್ಣು, ಮಧ್ಯಾಹ್ನದ ನಿದ್ರೆ, ಅರ್ಧಕ್ಕೆ ಬಿಟ್ಟ ಕಾದಂಬರಿ ಇವೆಲ್ಲವೂ ಒಮ್ಮೆಗೇ ನೆನಪಿಗೆ ಬರುತ್ತವೆ. ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದಗಳ ಸುತ್ತಿನ ಹಳ್ಳಿಗಳಿಂದ ಕಾಲೇಜಿಗೆ ಬರುವ ಎಷ್ಟೋ ಹುಡುಗರಿಗೆ ಮೊದಲು ನೆನಪಾಗುವುದು ಮುಂದಿನ ವರ್ಷದ ಶುಲ್ಕ.

ಈ ಸೀಮೆಯ ಬಿಸಿಲಿಗೆ ಸರ್ಕಾರವೇ ತಲೆಬಾಗಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದು ಬಹುಕಾಲದ ರೂಢಿ. ಆದರೆ ಗುಮಾಸ್ತರು ಮನೆ ಸೇರಿ ಒರಗುವ ಹೊತ್ತಿಗೆ ಬಟ್ಟೆಯ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುವ ಹುಡುಗನಿಗೆ ವಿರಾಮವಿಲ್ಲ. ಅದು ಮದುವೆಯ ಕಾಲ. ಗಿರಾಕಿಗಳಲ್ಲಿ ಒಬ್ಬರು ಕನ್ನಡದಲ್ಲಿ ಬೆಲೆ ಕೇಳಿದರೆ ಇನ್ನೊಬ್ಬರು ಮರಾಠಿಯಲ್ಲಿ ಚೌಕಾಸಿ ಮಾಡುತ್ತಾರೆ, ಮತ್ತೊಬ್ಬರದು ಉರ್ದು. ಮೂವರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡುವುದು ಈ ಗಡಿನಾಡಿನ ಹುಡುಗರಿಗೆ ಹುಟ್ಟಿನಿಂದ ಬಂದ ವಿದ್ಯೆ. ಅದಕ್ಕೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡುವುದಿಲ್ಲವಾದರೂ ಅಂಗಡಿಯ ಮಾಲೀಕನು ಕೊಡುತ್ತಾನೆ.

ಅಂಗಡಿ ಒಲ್ಲದವನು ಮದುವೆಯ ಪಂಕ್ತಿಯಲ್ಲಿ ಬಡಿಸಲು ಹೋಗುತ್ತಾನೆ. ಪುಣೆ-ಹೈದರಾಬಾದ್ ಹೆದ್ದಾರಿಯ ಅಂಚಿನ ಲಾರಿ ಗ್ಯಾರೇಜುಗಳಲ್ಲಿ ಕೈ ಕಪ್ಪು ಮಾಡಿಕೊಳ್ಳುವವರೂ ಉಂಟು. ಸ್ವಲ್ಪ ಧೈರ್ಯವುಳ್ಳವನು ಅದೇ ಹೆದ್ದಾರಿಯಲ್ಲಿ ಬಸ್ಸು ಹತ್ತಿ ಹೈದರಾಬಾದಿಗೋ ಪುಣೆಗೋ ನಡೆದುಬಿಡುತ್ತಾನೆ. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿಯ ಹುಡುಗರು ಹೆಚ್ಚಿನ ಓದಿಗಾಗಿ ಹಿಡಿಯುತ್ತಿದ್ದ ಹೈದರಾಬಾದಿನ ದಾರಿಯನ್ನೇ ಇಂದಿನವರು ದುಡಿಮೆಗಾಗಿ ಹಿಡಿಯುತ್ತಾರೆ.

ಹಾಗೆಂದು ಇವರಿಗೆ ರಜೆಯ ಸುಖವೇ ಇಲ್ಲವೆಂದಲ್ಲ. ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಕೋಟೆಯ ಗೋಡೆಗಳ ನೆರಳಿಗೆ ಕೊರತೆಯಿಲ್ಲ. ಸಂಜೆಯಾದರೆ ತ್ರಿಪುರಾಂತ ಕೆರೆಯ ಕಡೆಗೆ ಗಾಳಿಸಂಚಾರ. ಹುಮನಾಬಾದಿನವರಿಗೆ ಊರಿಗೆ ಹೊಂದಿದಂತೆಯೇ ಮಾಣಿಕನಗರವಿದೆ. ಮಾಣಿಕಪ್ರಭುಗಳ ಆ ಕ್ಷೇತ್ರದಲ್ಲಿ ಭಜನೆಯೂ ಸಂಗೀತವೂ ಧರ್ಮಾರ್ಥ. ಅಕ್ಷಯ ತದಿಗೆಯಂದು ಬಸವ ಜಯಂತಿ ಬಂದಿತೆಂದರೆ ಕಲ್ಯಾಣದ ಬೀದಿಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಅಂದು ಕೆಲಸ ಕೇಳುವ ಮಾಲೀಕನೂ ಇಲ್ಲ, ಮಾಡುವ ಹುಡುಗನೂ ಇಲ್ಲ.

2020ರ ಬೇಸಗೆಯಲ್ಲಿ ದುಡಿಮೆ, ವಿಹಾರ ಎರಡೂ ಒಟ್ಟಿಗೆ ನಿಂತುಹೋದವು. ಕೊರೋನಾ ಸೋಂಕಿನ ಭಯದಿಂದ ಮಾರ್ಚ್ ಕಡೆಯ ವಾರ ದೇಶವೇ ಬಾಗಿಲು ಹಾಕಿಕೊಂಡಿತು. ಕಾಲೇಜಿಲ್ಲ, ಅಂಗಡಿಯಿಲ್ಲ, ಮದುವೆಯ ಪಂಕ್ತಿಯಿಲ್ಲ, ಬಸ್ಸಿಲ್ಲ. ಏಪ್ರಿಲ್ 26ರಂದು ಬಂದ ಬಸವ ಜಯಂತಿಗೆ ಜನಸಂದಣಿಯೂ ಇಲ್ಲ. ದೂರದ ನಗರಗಳಲ್ಲಿ ನೌಕರಿ ಹಿಡಿದಿದ್ದ ಅಣ್ಣಂದಿರೂ ಬರಿಗೈಯಲ್ಲಿ ಊರಿಗೆ ಮರಳಿದರು.

ಉಳಿದಿದ್ದುದು ಒಂದೇ ಕೆಲಸ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು 2006ರಲ್ಲಿ ಮೊದಲ ಹಂತಕ್ಕೆ ಆರಿಸಿಕೊಂಡ ಜಿಲ್ಲೆಗಳಲ್ಲಿ ಬೀದರವೂ ಒಂದು. ಏಪ್ರಿಲ್ 20ರ ನಂತರ ಅದರ ಕಾಮಗಾರಿಗಳಿಗೆ ಮತ್ತೆ ಅಪ್ಪಣೆ ದೊರೆಯಿತು. ಆ ವರ್ಷ ಕರ್ನಾಟಕದಲ್ಲಿ ದಿನಗೂಲಿ 275 ರೂಪಾಯಿ. ಕೆರೆಯ ಹೂಳೆತ್ತುವುದು, ಹೊಲದಲ್ಲಿ ಬದು ಹಾಕುವುದು, ಕಾಲುವೆ ತೋಡುವುದು. ತಾಯಂದಿರು ವರ್ಷವರ್ಷವೂ ಮಾಡುತ್ತ ಬಂದ ಈ ಕೆಲಸಕ್ಕೆ ಆ ಬೇಸಗೆಯಲ್ಲಿ ಬಿ.ಎ., ಬಿ.ಕಾಂ. ಮಕ್ಕಳೂ ಬಂದರು; ಇಂಜಿನಿಯರಿಂಗ್ ಮುಗಿಸಿದವರೂ ಬಂದರು. ಬೀದರ ತಾಲ್ಲೂಕಿನ ಕಮಠಾಣದಲ್ಲಿ ಪದವೀಧರರು ಮಣ್ಣು ಹೊರುತ್ತಿದ್ದ ಸಂಗತಿಯನ್ನು ವರದಿಗಾರರು ಬರೆದು ನಾಡಿಗೆಲ್ಲ ತಿಳಿಸಿದರು.

ಗುದ್ದಲಿ ಹಿಡಿಯುವುದಕ್ಕೂ ಅಭ್ಯಾಸ ಬೇಕು. ಪುಸ್ತಕ ಹಿಡಿದ ಅಂಗೈಯಲ್ಲಿ ಮೊದಲ ದಿನವೇ ಬೊಬ್ಬೆ ಏಳುತ್ತದೆ. ಮಣ್ಣು ತುಂಬಿದ ಬುಟ್ಟಿಯನ್ನು ತಲೆಗೆ ಎತ್ತಿಕೊಳ್ಳುವಾಗ ಕುತ್ತಿಗೆಯನ್ನು ಹೇಗೆ ನಿಲ್ಲಿಸಬೇಕೆಂಬುದನ್ನು ಅವ್ವನೇ ಹೇಳಿಕೊಡಬೇಕು. ಅಗೆದ ಗುಂಡಿಯನ್ನು ಅಳತೆ ಮಾಡಿ ಕೂಲಿ ಕಟ್ಟುವ ಪದ್ಧತಿಯಾದುದರಿಂದ, ಗುಂಪಿನಲ್ಲಿ ಒಬ್ಬನು ಸೋತರೆ ಆ ಪಾಲನ್ನು ಮಿಕ್ಕವರು ಅಗೆಯಬೇಕಾಗುತ್ತದೆ. ಓದಿದ ಹುಡುಗನಿಗೆ ಬೊಬ್ಬೆಗಿಂತ ಹೆಚ್ಚು ಉರಿಯುತ್ತಿದ್ದುದು ಬಹುಶಃ ಇದೇ.

ಓದು ನೆರವಿಗೆ ಬರುವ ಒಂದು ಸ್ಥಾನವೂ ಅಲ್ಲಿತ್ತು. ಕೂಲಿಗಾರರ ಗುಂಪಿಗೆ ಒಬ್ಬ ಮುಖ್ಯಸ್ಥ ಬೇಕು. ಹಾಜರಿ ಬರೆಯುವುದು, ಕೆಲಸ ಹಂಚುವುದು, ಕುಡಿಯುವ ನೀರು ನೆರಳುಗಳನ್ನು ನೋಡಿಕೊಳ್ಳುವುದು ಈತನ ಹೊಣೆ. ಬೇರೆಡೆ ‘ಮೇಟ್’ ಎನಿಸಿಕೊಳ್ಳುವ ಇವನಿಗೆ ಕರ್ನಾಟಕವು ಇಟ್ಟ ಹೆಸರು ‘ಕಾಯಕ ಬಂಧು’. ಹೆಣ್ಣುಮಕ್ಕಳೂ ಕಾಯಕ ಬಂಧುಗಳಾದುದುಂಟು. ಸಂಜೆ ಹಾಜರಿ ಪಟ್ಟಿಯ ಮುಂದೆ ಬಗ್ಗಿ, “ನನ್ನ ಹೆಸರು ಬರದೀಯೇನೊ ತಮ್ಮಾ?” ಎಂದು ಕೇಳುವ ಮುದುಕಿಗೆ ಬೆರಳಿಟ್ಟು ತೋರಿಸುವುದು ಸಣ್ಣ ಕೆಲಸವಲ್ಲ, ಒಂದು ಗೆರೆ ತಪ್ಪಿದರೆ ಆಕೆಯ ಒಂದು ದಿನದ ಬೆವರು ಲೆಕ್ಕಕ್ಕಿಲ್ಲ.

ಕಾಯಕ ಎಂಬ ಮಾತಿಗೆ ಹನ್ನೆರಡನೆಯ ಶತಮಾನದಲ್ಲಿ ಹೊಸ ಘನತೆ ಬಂದುದು ಇದೇ ಕಲ್ಯಾಣದಲ್ಲಿ. ಹುಲ್ಲಿನ ಹಗ್ಗ ಹೊಸೆದು ಮಾರುತ್ತಿದ್ದ ನುಲಿಯ ಚಂದಯ್ಯನ ಹೆಸರಿನ ಗವಿ ಇಂದಿಗೂ ಊರಿನಲ್ಲಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಹಿಂದಕ್ಕೆ ಕಳುಹಿದ ಕಥೆಯನ್ನು ಇಲ್ಲಿಯ ಮಕ್ಕಳಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಪದವಿ ಪಡೆದ ಮಗ ಕೆರೆಯಂಗಳದಲ್ಲಿ ನಿಂತುದನ್ನು ಕಂಡ ತಂದೆಗೆ ಆ ಕಥೆಯಿಂದ ಸಮಾಧಾನವಾಯಿತೆಂದು ಹೇಳುವುದು ಕಷ್ಟ. ಮಣ್ಣು ಹೊರುವ ಬಾಳು ತನ್ನೊಂದಿಗೇ ಮುಗಿಯಲೆಂದಲ್ಲವೆ ಆತ ಮಗನನ್ನು ಓದಿಸಿದ್ದು?

ಲಕ್ಕಮ್ಮನ ಲೆಕ್ಕಾಚಾರ ಮಾತ್ರ ಬೇರೊಂದು ರೂಪದಲ್ಲಿ ಮನೆಮನೆಗೂ ಬಂದಿತು. ಆಗಿನ ಕಾಯಿದೆಯಂತೆ ವರ್ಷಕ್ಕೆ 100 ದಿನಗಳ ಕೆಲಸದ ಖಾತರಿ ಇದ್ದುದು ಒಬ್ಬೊಬ್ಬರಿಗಲ್ಲ, ಇಡೀ ಕುಟುಂಬಕ್ಕೆ. ಮಗ ಒಂದು ದಿನ ದುಡಿದರೆ ಆ ದಿನ ಅವ್ವನ ಪಾಲಿನಿಂದಲೇ ಕಳೆಯಿತು. ಹಣವೂ ದುಡಿದವರವರ ಬ್ಯಾಂಕಿನ ಖಾತೆಗೇ ಜಮೆ. ಮೂವತ್ತು ದಿನ ದುಡಿದ ಹುಡುಗನ ಹೆಸರಿಗೆ ಪೂರ್ಣ ಕೂಲಿ ಬಿದ್ದರೆ 8,250 ರೂಪಾಯಿ. ಶುಲ್ಕಕ್ಕೆ ಅಷ್ಟು ಸಾಕಾಗಬಹುದು. ಆದರೆ ದೀಪಾವಳಿ ಕಳೆದ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ, ಆ ಮೂವತ್ತು ದಿನಗಳನ್ನು ಅವ್ವ ಎಲ್ಲಿಂದ ತರಬೇಕು?

ಈ ಪ್ರಶ್ನೆಗೆ ಮನೆಗೊಂದು ಉತ್ತರ. ಕೆಲವೆಡೆ ಅಪ್ಪ ಹಿಂದೆ ಸರಿದ. ಕೆಲವೆಡೆ ಮಗನೇ ಹತ್ತು ದಿನಕ್ಕೆ ನಿಲ್ಲಿಸಿ ಆಡು ಕಾಯಲು ಹೋದ. ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿದವರಿಗೆ ಉದ್ದನೆಯ ಮಧ್ಯಾಹ್ನ ಉಳಿಯುತ್ತಿತ್ತು. ಬೇವಿನ ನೆರಳಿನಲ್ಲಿ ಮೊಬೈಲಿನ ಸಣ್ಣ ಪರದೆಯ ಮೇಲೆ ಕಾಲೇಜಿನ ಪಾಠ ಕೇಳುತ್ತ, ಸಿಗ್ನಲ್ ಹೋದಾಗ ತೂಕಡಿಸುತ್ತ, ಅವರು ಆ ವರ್ಷದ ರಜೆಯನ್ನು ಕಳೆದರು. ಮುಂಗಾರಿನ ಮೊದಲ ಮಳೆಗೆ, ತಾವೇ ಹೂಳೆತ್ತಿದ ಕೆರೆಯಲ್ಲಿ ನೀರು ಎಷ್ಟು ನಿಂತಿತೆಂದು ನೋಡಲು ಎಲ್ಲರಿಗಿಂತ ಮೊದಲು ಏರಿಯ ಮೇಲೆ ಹೋಗಿ ನಿಂತವರೂ ಅವರೇ.