ಟ್ರಿಪ್‌ಗೆ ಯಾರು ಹೆಸರು ಕೊಟ್ಟಿಲ್ಲ?

ಶಾಲಾ ಪ್ರವಾಸ ಅಂದಕೂಡಲೇ ನಮಗೆಲ್ಲ ನೆನಪಾಗೋದು ಬಸ್ಸಿನ ಹಿಂದಿನ ಸೀಟು, ಅಂತ್ಯಾಕ್ಷರಿ, ಅವ್ವ ಕಟ್ಟಿಕೊಟ್ಟ ಚಪಾತಿ, ಶೇಂಗಾ ಚಟ್ನಿ. ಆದರೆ ಪ್ರವಾಸ ಹೊರಡಿಸೋ ಟೀಚರ್ ತಲೆಯಲ್ಲಿ ಓಡುವ ಪ್ರಶ್ನೆ ಬೇರೆ: ಯಾರ‍್ಯಾರು ಇನ್ನೂ ಹೆಸರು ಕೊಟ್ಟಿಲ್ಲ?

ನನ್ನ ಅಕ್ಕ ಖಾನಾಪುರ ತಾಲ್ಲೂಕಿನ ಲೋಂಡಾ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸ್ತಾಳೆ. ನಾನು ಸಾಫ್ಟ್‌ವೇರ್ ಕೆಲಸದವನು. ಅವಳ ಪ್ರವಾಸದ ಎಕ್ಸೆಲ್ ಶೀಟ್ ಮಾಡಿಕೊಡೋದು ನನ್ನ ಪಾಲಿಗೆ ಬಂದಿದೆ. ಆ ಶೀಟ್ ನೋಡ್ತಾ ನೋಡ್ತಾ ನನಗೆ ಅರ್ಥವಾದದ್ದು ಇಷ್ಟು: ಪ್ರವಾಸದ ಪ್ರಚಾರ ಬೇಕಿರೋದು ಬರಲು ತುದಿಗಾಲಲ್ಲಿ ನಿಂತ ಮಕ್ಕಳಿಗಲ್ಲ, ಪಟ್ಟಿಯಿಂದ ಹೊರಗೆ ಉಳಿಯೋ ಐದಾರು ಮನೆಗಳಿಗೆ.

ಬಸ್ ಬಾಡಿಗೆಯ ಲೆಕ್ಕ

ಉದಾಹರಣೆಗೆ ಒಂದು ದಿನದ ಬಸ್ ಬಾಡಿಗೆ 15,000 ರೂಪಾಯಿ ಅಂತಿಟ್ಟುಕೊಳ್ಳಿ. 50 ಮಕ್ಕಳಾದರೆ ತಲೆಗೆ 300. ಹತ್ತು ಜನ ಹಿಂದೆ ಸರಿದರೆ 375. ಆ ಹೆಚ್ಚುವರಿ 75 ರೂಪಾಯಿ ಕೇಳಿ ಇನ್ನೂ ಹತ್ತು ಜನ ಬಿಟ್ಟರೆ 500. ಬಾಡಿಗೆ ಅಷ್ಟೇ ಇರ್ತದೆ, ಹಂಚಿಕೊಳ್ಳೋರು ಕಡಿಮೆಯಾಗ್ತಾರೆ. ಒಮ್ಮೆ ಶುರುವಾದರೆ ನಿಲ್ಲದ ಲೂಪ್ ಇದು. ಕೊನೆಗೆ ಅನುಕೂಲಸ್ಥರ ಮಕ್ಕಳಷ್ಟೇ ಬಸ್ ಹತ್ತುತ್ತಾರೆ.

ಹಾಗಾಗಿ ಅಕ್ಕ ಜಾಗ ಹುಡುಕೋ ಮೊದಲು ಮೊತ್ತ ನಿಗದಿ ಮಾಡ್ತಾಳೆ. ತರಗತಿಯಲ್ಲಿ ಅತಿ ಕಡಿಮೆ ಆದಾಯದ ಮನೆಯವರು ಎಷ್ಟು ಕೊಡಬಲ್ಲರು? ಅದನ್ನೂ ಜೂನ್‌ನಿಂದಲೇ ಕಂತಿನಲ್ಲಿ ಕಟ್ಟಬಹುದು.

ಹಾಗಾದರೆ ಎಲ್ಲಿಗೆ?

ಮಕ್ಕಳು ಕೇಳೋದು ಮೈಸೂರು. ಇಲ್ಲಾಂದ್ರೆ ದೂಧಸಾಗರ. ಲೋಂಡಾ ಜಂಕ್ಷನ್ನಿನಿಂದ ಕ್ಯಾಸಲ್‌ರಾಕ್ ದಾಟಿ ಗೋವಾಕ್ಕೆ ಇಳಿಯೋ ರೈಲು ಆ ಜಲಪಾತದ ಮುಂದೆಯೇ ಹಾಯ್ದು ಹೋಗ್ತದೆ. ಸುಮಾರು 310 ಮೀಟರ್ ಎತ್ತರದಿಂದ ಬೀಳೋ ನೀರು, ಯಾರಿಗೆ ಆಸೆ ಇರಲ್ಲ? ಆದರೆ ಹಳಿ ಮೇಲೆ ನಡೆದು ಹೋಗೋದನ್ನ ರೈಲ್ವೆಯವರು ನಿಷೇಧಿಸಿದ್ದಾರೆ. ಐವತ್ತು ಮಕ್ಕಳನ್ನ ಕರ್ಕೊಂಡು ಹೋಗೋ ಜಾಗ ಅದಲ್ಲ. ಮೈಸೂರಿಗೆ ಮೂರು ದಿನ ಬೇಕು, ಖರ್ಚೂ ಅಷ್ಟೇ.

ಅಕ್ಕ ಆರಿಸಿದ್ದು ಹಲಸಿ, ನಂದಗಡ, ಕಿತ್ತೂರು. ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದ ದಾರಿ. ‘ಅಲ್ಲೇನೈತ್ರಿ ನೋಡಾಕ?’ ಅಂತ ಹುಡುಗರು ಮುಖ ಸೊಟ್ಟ ಮಾಡಿದ್ದರು. ಇಲ್ಲಿಂದಲೇ ಅವಳ ಪ್ರಚಾರ ಶುರು. ಪ್ರವಾಸಕ್ಕೆ ಎರಡು ವಾರ ಮೊದಲಿನಿಂದ ದಿನಾ ಪ್ರಾರ್ಥನೆ ಮುಗಿದ ಮೇಲೆ ಎರಡು ನಿಮಿಷದ ಒಂದು ಕಥೆ.

ಹಲಸಿ ಒಂದು ಕಾಲಕ್ಕೆ ಪಲಾಶಿಕಾ, ಬನವಾಸಿ ಕದಂಬರ ಎರಡನೇ ರಾಜಧಾನಿ. ಅಲ್ಲಿನ ಭೂವರಾಹ ನರಸಿಂಹ ಗುಡಿಯಲ್ಲಿ ಎರಡು ಗರ್ಭಗುಡಿಗಳು ಎದುರುಬದುರಾಗಿವೆ. ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಕಿತ್ತೂರಿನಲ್ಲಿ 1824ರ ಅಕ್ಟೋಬರ್‌ನಲ್ಲಿ ಚೆನ್ನಮ್ಮನ ಸೈನ್ಯದೆದುರು ಕಲೆಕ್ಟರ್ ಥ್ಯಾಕರೆ ಸತ್ತ. ಪಾಳುಬಿದ್ದ ಅರಮನೆ, ಕೋಟೆಯೊಳಗಿನ ವಸ್ತುಸಂಗ್ರಹಾಲಯ ಎರಡನ್ನೂ ನೋಡಬಹುದು. ಪುಸ್ತಕದಲ್ಲಿ ಓದಿದ ಪಾಠ ತಮ್ಮ ತಾಲ್ಲೂಕಿನಲ್ಲೇ, ಪಕ್ಕದಲ್ಲೇ ನಡೆದದ್ದು ಅಂತ ಗೊತ್ತಾದ ಮೇಲೆ ಹುಡುಗರ ‘ಅಲ್ಲೇನೈತ್ರಿ’ ನಿಂತಿತು.

ಒಂದೇ ಪುಟದ ನೋಟಿಸ್

ಪೋಷಕರಿಗೆ ಹೋಗೋ ನೋಟಿಸಿನಲ್ಲಿ ಇತಿಹಾಸ ಇರಲ್ಲ. ಎಷ್ಟು ಗಂಟೆಗೆ ಹೊರಡ್ತೀವಿ, ಎಷ್ಟಕ್ಕೆ ವಾಪಸ್, ಊಟ ಎಲ್ಲಿ, ಹೆಣ್ಣುಮಕ್ಕಳಿಗೆ ಶೌಚಾಲಯ ಎಲ್ಲೆಲ್ಲಿ, ಜೊತೆಗೆ ಯಾವ ಟೀಚರ್, ಯಾರಿಗೆ ಫೋನ್ ಮಾಡಬೇಕು, ಒಟ್ಟು ಎಷ್ಟು ರೂಪಾಯಿ. ಈ ಭಾಗದಲ್ಲಿ ಮರಾಠಿ ಮನೆಮಾತಿನವರು ಬಹಳ, ಹಾಗಾಗಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಇಲಾಖೆಯ ಅನುಮತಿ, ಪೋಷಕರ ಸಹಿ ಮಾಡಿದ ಒಪ್ಪಿಗೆ ಪತ್ರ ಇಲ್ಲದೆ ಬಸ್ ಹೊರಡಲ್ಲ.

ನೋಟಿಸಿನಲ್ಲಿ ದಪ್ಪ ಅಕ್ಷರದ ಒಂದು ಸಾಲಿದೆ: ಮಕ್ಕಳನ್ನು ಎಲ್ಲಿಯೂ ನೀರಿಗೆ ಇಳಿಸುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡ ಮೇಲೆ ತಾಯಂದಿರು ಮೊದಲು ಕೇಳೋದೇ ಇದನ್ನ.

‘ಕಾರಣ’ ಅನ್ನೋ ಕಾಲಮ್

ನನ್ನ ಶೀಟಿನಲ್ಲಿ ಬರದಿರೋ ಮಕ್ಕಳ ಹೆಸರಿನ ಮುಂದೆ ‘ಕಾರಣ’ ಅಂತ ಒಂದು ಕಾಲಮ್ ಇದೆ. ಅದರಲ್ಲಿ ಒಬ್ಬಳು ಬರೆಸಿದ್ದು: ‘ಬಸ್ಸಿನ್ಯಾಗ ವಾಂತಿ ಆಗ್ತೈತ್ರಿ.’ ಮಾತ್ರೆ ಕೊಟ್ಟರಾಯ್ತಲ್ಲ ಅಂದೆ. ಅಕ್ಕ ನಕ್ಕಳು. ‘ತಮ್ಮಾ, ಆ ಹುಡುಗಿ ದಿನಾ ಬಸ್ಸಿನ್ಯಾಗ ಸಾಲಿಗೆ ಬರ್ತಾಳ. ರೊಕ್ಕ ಇಲ್ಲ ಅಂತ ಹೇಳಾಕ ನಾಚಿಕಿ.’

ಅಪ್ಪ ಗೋವಾದಲ್ಲಿ ಕಟ್ಟಡ ಕೆಲಸಕ್ಕೆ, ಅವ್ವ ಹೊಲದ ಕೂಲಿಗೆ. ಅಕ್ಕ ಸಂಜೆ ಆ ಮನೆಗೆ ಹೋದಳು. ದುಡ್ಡಿನ ಮಾತು ಎತ್ತಲಿಲ್ಲ. ಹುಡುಗಿ ನಕ್ಷೆ ಚೆನ್ನಾಗಿ ಬಿಡಿಸ್ತಾಳೆ, ಬಸ್ಸಿನಲ್ಲಿ ದಾರಿ ಹೇಳೋ ಕೆಲಸ ಅವಳಿಗೇ ಕೊಡ್ತೀನಿ ಅಂದಳು. ಅವ್ವ ಕೇಳಿದ್ದು ಒಂದೇ ಮಾತು: ‘ಅಕ್ಕೋರ, ರಾತ್ರಿ ಎಷ್ಟ ಗಂಟೆಕ್ಕ ಬರ್ತೀರಿ?’ ಕಡಿಮೆ ಬಿದ್ದ ದುಡ್ಡು ಹಳೇ ವಿದ್ಯಾರ್ಥಿಗಳಿಂದ ಬಂತು. ಯಾರ ಹೆಸರಿಗೆ ಯಾರು ಕೊಟ್ಟರು ಅನ್ನೋದು ಅಕ್ಕ ಮತ್ತು ಹೆಡ್‌ಮಾಸ್ಟರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ನನ್ನ ಶೀಟಿನಲ್ಲೂ ಅದಕ್ಕೆ ಕಾಲಮ್ ಇಲ್ಲ. ಅಕ್ಕ ಬೇಡ ಅಂದಳು.

ಬಸ್ಸೇ ದುಬಾರಿ ಅನ್ನಿಸಿದರೆ ರೈಲೂ ಇದೆ. ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸಕ್ಕೆ ಸೆಕೆಂಡ್ ಕ್ಲಾಸಿನಲ್ಲಿ ಶೇ. 75ರಷ್ಟು ರಿಯಾಯಿತಿ ಉಂಟು. ಹೆಡ್‌ಮಾಸ್ಟರ್ ಪತ್ರ ಹಿಡಿದು ಸ್ಟೇಷನ್ನಿನಲ್ಲಿ ಮೊದಲೇ ವಿಚಾರಿಸಬೇಕು. ಲೋಂಡಾದಿಂದ ಬೆಳಗಾವಿಗೆ ಹೋದರೆ ಕೋಟೆಯೊಳಗಿನ ಕಮಲ ಬಸದಿ, 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಕಾಂಗ್ರೆಸ್ ಅಧಿವೇಶನದ ನೆನಪಿನ ವೀರಸೌಧ, ಎರಡೂ ಒಂದೇ ದಿನಕ್ಕೆ ಸಾಕು.

ನಮ್ಮಂಥವರು ಒಂದು ವೀಕೆಂಡ್‌ನಲ್ಲಿ ಪಿಜ್ಜಾ, ಸಿನಿಮಾಕ್ಕೆ ಸುರಿಯೋ ದುಡ್ಡಿನಲ್ಲಿ ಇಬ್ಬರು ಮೂವರು ಮಕ್ಕಳು ಕಿತ್ತೂರು ನೋಡಿ ಬರ್ತಾರೆ. ನೀವು ಓದಿದ ಶಾಲೆಗೆ ಈ ವಾರ ಒಂದು ಫೋನ್ ಮಾಡಿ. ಟ್ರಿಪ್ ಎಲ್ಲಿಗೆ ಅಂತ ಆಮೇಲೆ ಕೇಳಿ. ಯಾರು ಹೆಸರು ಕೊಟ್ಟಿಲ್ಲ ಅಂತ ಮೊದಲು ಕೇಳಿ.