ಆಪತ್ಕಾಲದ ನೆರವು

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಯಶವಂತಪುರವನ್ನು ದಾಟಿದರೆ ಪೀಣ್ಯದ ಕೈಗಾರಿಕಾ ಪ್ರದೇಶವು ಎದುರಾಗುತ್ತದೆ. 1970ರ ದಶಕದಲ್ಲಿ ಬೆಳೆಯತೊಡಗಿದ ಈ ಪ್ರದೇಶದಲ್ಲಿ ಸಾವಿರಾರು ಸಣ್ಣಪುಟ್ಟ ಕಾರ್ಖಾನೆಗಳಿವೆ. ಲೇತುಗಳ ಸದ್ದು, ಪ್ರೆಸ್ ಯಂತ್ರಗಳ ಬಡಿತ ಇಲ್ಲಿನ ನಿತ್ಯದ ಸಂಗೀತ. 2020ರ ಮಾರ್ಚ್ 25ರಂದು ಅದು ಒಮ್ಮೆಗೇ ನಿಂತಿತು. ಕೋವಿಡ್ ರೋಗವು ಹರಡದಂತೆ ತಡೆಯಲು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತ್ತು. ದುಡಿಯುವವರ ಕೂಲಿಯೇ ನಿಂತ ಮೇಲೆ, ದುಡಿಯಲಾರದವರ ಮತ್ತು ದುಡಿದು ದಣಿದು ಮನೆಯಲ್ಲಿ ಕುಳಿತವರ ಗತಿಯೇನು?

ಮರುದಿನವೇ ಕೇಂದ್ರ ಸರ್ಕಾರವು ಪರಿಹಾರವನ್ನು ಘೋಷಿಸಿತು. ಬಡ ವೃದ್ಧರು, ವಿಧವೆಯರು ಹಾಗೂ ಅಂಗವಿಕಲರಿಗೆ ತಲಾ 1,000 ರೂಪಾಯಿಗಳನ್ನು ಎರಡು ಕಂತುಗಳಲ್ಲಿ ಕೊಡುವುದೆಂದು ತೀರ್ಮಾನವಾಯಿತು. ಕರ್ನಾಟಕ ಸರ್ಕಾರವು ಎರಡು ತಿಂಗಳ ಸಾಮಾಜಿಕ ಭದ್ರತಾ ಪಿಂಚಣಿಯನ್ನು ಮುಂಗಡವಾಗಿ ಕೊಡುವುದಾಗಿ ತಿಳಿಸಿತು. ಕೇಂದ್ರದ ಹಣಕ್ಕಾಗಿ ಯಾರೂ ಹೊಸದಾಗಿ ಅರ್ಜಿ ಬರೆಯಬೇಕಾಗಿರಲಿಲ್ಲ. 1995ರ ಆಗಸ್ಟ್ 15ರಂದು ಆರಂಭವಾದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದ ಪಟ್ಟಿಯಲ್ಲಿ ಹೆಸರಿದ್ದವರಿಗೆ ಹಣವು ನೇರವಾಗಿ ಸಂದಾಯವಾಯಿತು. ಮಳೆ ಸುರಿದಾಗ ನೀರು ಹರಿಯುವುದು ಮೊದಲೇ ತೋಡಿದ ಕಾಲುವೆಯಲ್ಲಿ ಮಾತ್ರ.

ಆದರೆ ಆ ಕಾಲುವೆ ಕಿರಿದು. ಕೇಂದ್ರದ ಅಂಗವಿಕಲರ ಪಿಂಚಣಿಗೆ ಬಡತನದ ರೇಖೆಯ ಕೆಳಗಿರಬೇಕು; ಅಂಗವೈಕಲ್ಯವು ಶೇಕಡಾ 80ಕ್ಕೆ ಕಡಿಮೆಯಿರಬಾರದು. ಪ್ರೆಸ್ ಯಂತ್ರಕ್ಕೆ ಸಿಕ್ಕಿ ಒಂದು ಕೈಯ ನಾಲ್ಕು ಬೆರಳುಗಳನ್ನು ಕಳೆದುಕೊಂಡ ಕಾರ್ಮಿಕನು ಆ ಪಟ್ಟಿಗೆ ಸೇರಲಾರ. ಅವನಿಗೆ ಆಸರೆಯಾಗಿರುವುದು ಬೇರೊಂದು ವ್ಯವಸ್ಥೆ. 1948ರ ಶಾಸನದಿಂದ ಹುಟ್ಟಿ, 1952ರಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಮೊದಲು ಜಾರಿಗೆ ಬಂದ ಕಾರ್ಮಿಕರ ರಾಜ್ಯ ವಿಮೆಯೇ ಅದು. ಪೀಣ್ಯದ ಜನ ಅದನ್ನು ಇ.ಎಸ್.ಐ. ಎಂದೇ ಕರೆಯುತ್ತಾರೆ. ನಾಲ್ಕು ಬೆರಳುಗಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಅರ್ಧ ಹೋಯಿತೆಂಬುದು ಅದರ ಲೆಕ್ಕ. ಬೆರಳಿಗೂ ಬೆಲೆ ಕಟ್ಟುವುದು ಕಟುವೆನಿಸಬಹುದು. ಆದರೆ ಕಟ್ಟದೆ ಹೋದರೆ ಸಿಗುವುದು ಬರಿಯ ಅನುಕಂಪ. ಸರಾಸರಿ ದಿನಗೂಲಿ 600 ರೂಪಾಯಿಯೆಂದಿಟ್ಟುಕೊಂಡರೆ ಅದರ ಶೇಕಡಾ 90 ಎಂದರೆ 540. ಅದರಲ್ಲಿ ಅರ್ಧ, ಅಂದರೆ ದಿನಕ್ಕೆ 270 ರೂಪಾಯಿ, ಅವನು ಬದುಕಿರುವವರೆಗೂ ಸಲ್ಲುತ್ತದೆ. ಅವನು ಮತ್ತೆ ಕೆಲಸಕ್ಕೆ ಹೋದರೂ ಅದು ನಿಲ್ಲುವುದಿಲ್ಲ.

ನಿವೃತ್ತನ ಪಾಡು ಬೇರೆ. 1995ರ ನವೆಂಬರ್ 16ರಿಂದ ಜಾರಿಗೆ ಬಂದ ನೌಕರರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಅರ್ಹವಾದ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ವೇತನ 7,000, ಸೇವೆ 15 ವರ್ಷವಾದರೆ ತಿಂಗಳಿಗೆ 1,500 ರೂಪಾಯಿ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿಯನ್ನು 1,000 ರೂಪಾಯಿಗೆ ನಿಗದಿಪಡಿಸಲಾಯಿತು. ಬೆಲೆ ಏರಿದಂತೆ ಏರುವ ತುಟ್ಟಿ ಪರಿಹಾರ ಇದಕ್ಕಿಲ್ಲ. ಅಕ್ಕಿಯ ಬೆಲೆ ಮಾತ್ರ ಈ ಸಂಗತಿಯನ್ನು ಅರಿಯದು.

ಕೇಂದ್ರ ಸರ್ಕಾರದ ನಿವೃತ್ತ ನೌಕರರಿಗೆ ತುಟ್ಟಿ ಪರಿಹಾರವುಂಟು. ಆದರೂ 2020ರ ಜನವರಿಯಿಂದ ಅದರ ಮೂರು ಕಂತುಗಳನ್ನು ತಡೆಹಿಡಿಯಲಾಯಿತು. ಶೇಕಡಾ 17ರಲ್ಲಿ ನಿಂತಿದ್ದ ದರವು 2021ರ ಜುಲೈಯಲ್ಲಿ 28ಕ್ಕೆ ಏರಿತಾದರೂ, ನಡುವಣ ಹದಿನೆಂಟು ತಿಂಗಳ ಬಾಕಿ ಅವರ ಕೈಸೇರಲಿಲ್ಲ. ಹೀಗೆ ಒಂದೇ ವಿಪತ್ತು ಒಬ್ಬರಿಗೆ ಸಾವಿರ ರೂಪಾಯಿಯನ್ನು ತಂದಿತು. ಇನ್ನೊಬ್ಬರಿಂದ ಒಂದಿಷ್ಟನ್ನು ಕಸಿಯಿತು. ಮತ್ತೊಬ್ಬರನ್ನು ಇದ್ದಲ್ಲಿಯೇ ಬಿಟ್ಟಿತು.

ಇವರೆಲ್ಲರ ಹೆಸರೂ ಯಾವುದಾದರೊಂದು ಪುಸ್ತಕದಲ್ಲಿದೆ. ಗುತ್ತಿಗೆಯ ಕೂಲಿಗಾರನ ಸಂಗತಿ ಹಾಗಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನವೇ ಗಾಯವಾದರೂ ವಿಮೆಯ ಕಾರ್ಮಿಕನಿಗೆ ಪರಿಹಾರ ಸಲ್ಲಬೇಕೆಂಬುದು ನಿಯಮ. ಆದರೆ ಆ ದಿನ ಅವನು ಅಲ್ಲಿ ದುಡಿಯುತ್ತಿದ್ದನೆಂದು ಹೇಳಬೇಕಾದುದು ಕಾರ್ಖಾನೆಯ ಹಾಜರಿ ಪುಸ್ತಕ. ಅದರಲ್ಲಿ ಹೆಸರಿಲ್ಲದವನು ತನ್ನ ಗಾಯಗೊಂಡ ಕೈಯನ್ನು ತೋರಿಸಬಲ್ಲನೇ ಹೊರತು, ಅದು ಯಾವ ಯಂತ್ರದಿಂದಾಯಿತೆಂಬುದನ್ನು ತೋರಿಸಲು ಪರದಾಡುತ್ತಾನೆ.