ಕೆಂಪಿನ ಅಳತೆ

ಕಾಗಿನೆಲೆಗೆ ಹೋಗುವವರು ಕನಕದಾಸರ ನೆನಪನ್ನು ಹೊತ್ತು ಹೋಗುವುದು ವಾಡಿಕೆ. ಒಂದು ಮಾಘಮಾಸದಲ್ಲಿ ನಾನೂ ಹಾಗೆಯೇ ಹೋದೆನೆಂದರೆ ಅದು ಅರ್ಧ ಸತ್ಯವಾದೀತು. ಮೂವತ್ತು ವರ್ಷ ರಸಾಯನಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ಗದ್ದುಗೆಯ ದರ್ಶನದೊಡನೆ ಇನ್ನೊಂದು ಆಸೆಯೂ ಇತ್ತು: ಬ್ಯಾಡಗಿ ಮೆಣಸಿನಕಾಯಿಯನ್ನು ಅದು ಹುಟ್ಟಿದ ನೆಲದ ಮೇಲೆಯೇ ನೋಡಬೇಕು. ಆದರೆ ಬಸ್ಸಿನ ಕಿಟಕಿಯಿಂದ ಕಂಡದ್ದು ಬಹುಪಾಲು ಗೋವಿನಜೋಳದ ಕೂಳೆ! ಊರಿನ ಹೆಸರನ್ನು ಹೊತ್ತ ಬೆಳೆ ಆ ಊರಿನ ಸುತ್ತ ವಿರಳವಾಗಿದೆ. ಬಳ್ಳಾರಿ, ರಾಯಚೂರು, ಗದಗ, ಆಚೆಯ ಆಂಧ್ರದಿಂದ ಚೀಲ ಚೀಲವಾಗಿ ಬ್ಯಾಡಗಿಯ ಪೇಟೆಗೆ ಬಂದು ಬೀಳುತ್ತದೆ.

ಪರಿಚಿತ ರೈತರೊಬ್ಬರ ಕಣದಲ್ಲಿ ಮಾತ್ರ ನನ್ನ ಆಸೆ ಈಡೇರಿತು. ಎರಡು ರಾಶಿಗಳು ಅಕ್ಕಪಕ್ಕದಲ್ಲಿದ್ದವು. ಮೈಯೆಲ್ಲ ಸುಕ್ಕುಗಟ್ಟಿದ ಉದ್ದನೆಯ ಕಾಯಿ. ಇಲ್ಲಿಯವರು ‘ಕಡ್ಡಿ’ ಎನ್ನುವ ಜಾತಿ. ಗಿಡ್ಡಗೆ ದುಂಡಗಿರುವ ‘ಡಬ್ಬಿ’ಯನ್ನು ಬೆಳೆಯುವವರು ಕಡಿಮೆಯಾಗಿದ್ದಾರೆಂದು ಅವರು ನಿಟ್ಟುಸಿರಿಟ್ಟರು.

“ಈ ಕಡೀದು ಹೊಡತದ ಬಿಸಲಾಗ ಒಣಗಿಸೇನ್ರಿ ಸರ. ಆ ಕಡೀದು ತಾಡಪಾಲ ಮ್ಯಾಲ ನೆರಳು ಹಿಡದು ಒಣಗಿಸೇನಿ. ಕೆಲಸ ಎರಡಪಟ್ಟು. ಹ್ವಾದ ವರ್ಷ ದರಾ ಮಾತ್ರ ಎರಡಕ್ಕೂ ಒಂದ ಬಂತು. ಕಣ್ಣಿಗಿ ಎರಡೂ ಕೆಂಪ ಅದಾವಲ್ರಿ!”

ಕಣ್ಣಿಗೆ ಎರಡೂ ಕೆಂಪೇ. ನಾನು ಎರಡು ರಾಶಿಗಳಿಂದಲೂ ಒಂದೊಂದು ಬೊಗಸೆ ಕಾಯಿಯನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡೆ.

ಈ ಕೆಂಪಿನ ಗುಟ್ಟು ನೀರಿಗೆ ಬಿಡುವಂಥದಲ್ಲ, ಎಣ್ಣೆಗೆ ಬಿಡುವಂಥದು. ಒಗ್ಗರಣೆಯ ಎಣ್ಣೆಗೆ ಖಾರದಪುಡಿ ಉದುರಿಸುವ ಪ್ರತಿಯೊಬ್ಬ ಗೃಹಿಣಿಯೂ ಇದನ್ನು ಬಲ್ಲಳು. ಶಾಸ್ತ್ರಜ್ಞರು ಇದನ್ನು ಅರಿತ ಬಗೆ ಬೇರೆ. ಹಂಗೇರಿಯೂ ಕೆಂಪು ಮೆಣಸಿನಕಾಯಿಯ ನಾಡು. ಅಲ್ಲಿನ ಪೇಚ್ ನಗರದ ವಿಶ್ವವಿದ್ಯಾಲಯದಲ್ಲಿ ಜೆಕ್‌ಮೈಸ್ಟರ್ ಮತ್ತು ಚೊಲ್ನೊಕಿ ಎಂಬಿಬ್ಬರು 1927ರಲ್ಲಿ ಈ ವರ್ಣದ್ರವ್ಯವನ್ನು ಬೇರ್ಪಡಿಸಿದರು, ಅದೇ ಕ್ಯಾಪ್ಸಾಂಥಿನ್. ಕೆಲವೇ ವರ್ಷಗಳಲ್ಲಿ ಸೆಗೆಡ್ ನಗರದಲ್ಲಿ ಸೆಂಟ್ ಜ್ಯೋರ್ಜಿ ಅದೇ ಕಾಯಿಯಿಂದ ‘ಸಿ’ ಜೀವಸತ್ವವನ್ನು ಹೇರಳವಾಗಿ ತೆಗೆದು, 1937ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ತಮ್ಮ ಊರಿನ ಸಂತೆಯಲ್ಲಿ ರಾಶಿ ಬಿದ್ದ ವಸ್ತುವನ್ನೇ ಪ್ರಯೋಗಶಾಲೆಗೆ ಹೊತ್ತೊಯ್ದ ಆ ಪಂಡಿತರನ್ನು ಕಂಡರೆ ನನಗೆ ಒಂದಿಷ್ಟು ಅಸೂಯೆಯೇ.

ನಮ್ಮಲ್ಲಿ ವಿದ್ಯೆ ಸುಮ್ಮನೆ ಕುಳಿತಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ನೆಲೆಗೊಂಡ ಕೇಂದ್ರೀಯ ಆಹಾರ ಸಂಶೋಧನಾಲಯವು ಸಂಬಾರ ಪದಾರ್ಥಗಳಿಂದ ಸಾರ ತೆಗೆಯುವ ವಿಧಾನಗಳನ್ನು ರೂಪಿಸಿ ಉದ್ಯಮಿಗಳಿಗೆ ಒದಗಿಸಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಗಳ ವಿದ್ವಾಂಸರು ತಳಿಯನ್ನೂ ಎಲೆ ಮುರುಟು ರೋಗವನ್ನೂ ಕುರಿತು ದುಡಿದಿದ್ದಾರೆ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಕಾರ್ಖಾನೆಗಳಂತೂ ಕಾಯಿಯನ್ನು ಪುಡಿಮಾಡಿ, ದ್ರಾವಕದಲ್ಲಿ ನೆನೆಸಿ, ದ್ರಾವಕವನ್ನು ಆವಿಯಾಗಿಸಿ, ಓಲಿಯೊರೆಸಿನ್ ಎಂಬ ಗಟ್ಟಿಯಾದ ಕೆಂಪು ಸಾರವನ್ನು ಪಡೆಯುತ್ತವೆ. ಅದು ತಿಂಡಿತಿನಿಸುಗಳಿಗೂ ತುಟಿಯ ಬಣ್ಣಕ್ಕೂ ಸೇರುತ್ತದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಗುಣವೇ ಬ್ಯಾಡಗಿಯ ಕಾಯಿಯನ್ನು ಅಲ್ಲಿಯವರೆಗೆ ಮುಟ್ಟಿಸಿದ್ದು.

ಕಾರ್ಖಾನೆಯವರು ಬಣ್ಣವನ್ನು ಕಣ್ಣಿನಿಂದ ಕೊಳ್ಳುವುದಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಅಮೆರಿಕದ ಸಂಬಾರ ವ್ಯಾಪಾರಿಗಳ ಸಂಘವು ಗೊತ್ತುಪಡಿಸಿದ ಒಂದು ಅಳತೆಯಿದೆ. ಪುಡಿಯನ್ನು ಅಸಿಟೋನ್ ದ್ರವದಲ್ಲಿ ಹದಿನಾರು ಗಂಟೆ ಕತ್ತಲಲ್ಲಿಟ್ಟು, ಆ ದ್ರಾವಣದ ಮೂಲಕ 460 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಹಾಯಿಸಿ, ಎಷ್ಟು ಬೆಳಕನ್ನು ಅದು ನುಂಗಿತೆಂದು ನೋಡುವುದು. ಬಂದ ಅಂಕಿಯೇ ಬಣ್ಣದ ಬೆಲೆ. ಬಿ.ಎಸ್‌ಸಿ. ತರಗತಿಯ ಹುಡುಗನೂ ಮಾಡಬಲ್ಲ ಪ್ರಯೋಗ. ಆದರೆ ಪೇಟೆಯಲ್ಲಿ ರೈತನ ರಾಶಿಯ ಮುಂದೆ ನಿಲ್ಲುವ ಖರೀದಿದಾರ ಹಿಡಿ ಕಾಯಿ ಎತ್ತಿ, ಹಿಸುಕಿ, ಮೂಸಿ, ಬಿಸಿಲಿಗೆ ಹಿಡಿದು ನೋಡಿ ದರ ನಮೂದಿಸುತ್ತಾನೆ. ಅವನ ಕಣ್ಣು ಪಳಗಿದ ಕಣ್ಣೆಂಬುದರಲ್ಲಿ ಸಂದೇಹವಿಲ್ಲ. ಆದರೂ ಒಂದೇ ಕಾಯಿಗೆ ಕಾರ್ಖಾನೆಯ ಬಾಗಿಲಲ್ಲಿ ಅಂಕಿ, ರೈತನ ಮುಂದೆ ಅಂದಾಜು!

ನೂರು ವರ್ಷಗಳ ಹಿಂದಿನ ಶ್ರೀಗಂಧದ ಕಥೆ ಇಲ್ಲಿ ನೆನಪಾಗುತ್ತದೆ. 1914ರ ಮಹಾಯುದ್ಧದಿಂದ ಜರ್ಮನಿಯ ದಾರಿ ಮುಚ್ಚಿ, ಮೈಸೂರಿನ ಗಂಧದ ಕೊರಡುಗಳು ಮಾರಾಟವಾಗದೆ ಉಳಿದವು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಚಾಟರ್ಟನ್ನರ ಪ್ರಯತ್ನದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಭಟ್ಟಿ ಇಳಿಸುವ ಕ್ರಮವನ್ನು ಸಾಧಿಸಿದರು. 1916ರಲ್ಲಿ ಎಣ್ಣೆ ಬಂತು. ಅದರ ಬೆನ್ನಿಗೆ, ಎಸ್. ಜಿ. ಶಾಸ್ತ್ರಿಯವರು ವಿಲಾಯಿತಿಯಲ್ಲಿ ಕಲಿತು ಬಂದ ವಿದ್ಯೆಯಿಂದ, ಸಾಬೂನೂ ಬಂತು. ವಿದ್ಯಾಲಯ ಮತ್ತು ಉದ್ಯಮ ಕೈಗೂಡಿಸಿದ್ದಕ್ಕೆ ಇದಕ್ಕಿಂತ ಚೆಲುವಾದ ಉದಾಹರಣೆ ನಮ್ಮ ನಾಡಿನಲ್ಲಿ ನನಗೆ ತೋರದು. ಆದರೆ ಆ ಕಥೆಯನ್ನು ಹೊಗಳುವಾಗ ಒಂದು ಸಂಗತಿಯನ್ನು ನಾವು ಮರೆಯುತ್ತೇವೆ. ಗಂಧದ ಮರಕ್ಕೆ ಆಗ ಒಡೆಯನೊಬ್ಬನೇ ಇದ್ದ: ಸರ್ಕಾರ. ಮರ ಅದರದು, ಕಾರ್ಖಾನೆ ಅದರದು, ಆದ್ದರಿಂದ ವಿದ್ಯೆಯ ಲಾಭವೂ ಅದರ ಬೊಕ್ಕಸಕ್ಕೇ ಬಂತು. ಮೆಣಸಿನಕಾಯಿಗಾದರೋ ಸಾವಿರಾರು ಒಡೆಯರು. ಒಬ್ಬೊಬ್ಬರದೂ ಎರಡು ಮೂರು ಎಕರೆ. ಪ್ರಯೋಗಶಾಲೆಯವರೂ ಕಾರ್ಖಾನೆಯವರೂ ಒಂದೇ ಮೇಜಿನ ಸುತ್ತ ಕುಳಿತಾಗ ಇವರ ಕುರ್ಚಿ ಖಾಲಿಯಿರುತ್ತದೆ.

ಆ ಖಾಲಿ ಕುರ್ಚಿ ಒಮ್ಮೊಮ್ಮೆ ಉರುಳಿ ಬೀಳುವುದೂ ಉಂಟು. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರಿಂದ ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೆ ಬೆಂಕಿ ಬಿತ್ತು, ವಾಹನಗಳು ಸುಟ್ಟವು. ಬೆಂಕಿಯನ್ನು ನಾನು ಸಮರ್ಥಿಸಲಾರೆ. ದರ ಏರುವುದಕ್ಕೂ ಇಳಿಯುವುದಕ್ಕೂ ಬಣ್ಣವೊಂದೇ ಕಾರಣವಲ್ಲ. ಬೆಳೆ ಎಷ್ಟು ಬಂತು, ಶೀತಲಗೃಹಗಳಲ್ಲಿ ಹಳೆಯ ದಾಸ್ತಾನು ಎಷ್ಟು ಉಳಿದಿದೆ, ಇವೆಲ್ಲವೂ ಸೇರುತ್ತವೆ. ಆದರೂ ತನ್ನ ಸರಕಿನ ಗುಣ ತನಗೇ ತಿಳಿಯದವನು ದರವನ್ನು ನಂಬುವುದು ಹೇಗೆ?

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಬಂದಾಗ ಶ್ರೀರಾಮನು ಬಾಯಿಮಾತಿನಿಂದ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಅವಧಿ ಮುಗಿದ ಮೇಲೆ ಎರಡನ್ನೂ ತುಂಬಿದ ಸಭೆಗೆ ತರಿಸಿದ. ರಸಾಯನಶಾಸ್ತ್ರದ ಮೇಷ್ಟರ ಕಣ್ಣಿಗೆ ಅದೊಂದು ನಿರ್ದುಷ್ಟವಾದ ಪ್ರಯೋಗ: ಒಂದೇ ಸ್ಥಿತಿ, ಒಂದೇ ಕಾಲ, ಫಲಿತಾಂಶ ಬಹಿರಂಗ. ಭತ್ತ ಸೋತದ್ದು ಭತ್ತಕ್ಕೂ ತಿಳಿಯಿತು.

ನನ್ನ ಎರಡು ಪೊಟ್ಟಣಗಳ ಗತಿ ಹೇಳದಿದ್ದರೆ ವಾಚಕರು ಕ್ಷಮಿಸಲಿಕ್ಕಿಲ್ಲ. ಹಳೆಯ ಶಿಷ್ಯನೊಬ್ಬ ಕಾಲೇಜಿನ ಪ್ರಯೋಗಶಾಲೆಯಲ್ಲಿ ಮೂರು ಮೂರು ಬಾರಿ ಅಳೆದುಕೊಟ್ಟ. ನೆರಳು ಹಿಡಿದು ಒಣಗಿಸಿದ ಕಾಯಿಯ ಅಂಕಿಯೇ ಮೂರು ಸಲವೂ ಮೇಲೆ. ಬಿಸಿಲು ಈ ಬಣ್ಣವನ್ನು ಕುಡಿಯುತ್ತದೆಂದು ಪುಸ್ತಕಗಳು ಹೇಳುತ್ತವೆ. ಆ ರೈತರಿಗೆ ಪುಸ್ತಕವಿಲ್ಲದೆಯೇ ತಿಳಿದಿತ್ತು. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಮತ್ತೆ ಕಾಗಿನೆಲೆಯ ಬಸ್ಸು ಹತ್ತಿದೆ.

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು.

“ಈ ಚೀಟಿ ಪ್ಯಾಟ್ಯಾಗ ನಡೀತೈತೇನ್ರಿ ಸರ?”

ನಡೆಯುವುದಿಲ್ಲವೆಂದೆ. ಅವರು ನಕ್ಕರು. ಮುಂದಿನ ವರ್ಷದ ಬೀಜಕ್ಕೆಂದು ಆಯ್ದಿಟ್ಟ ಕಾಯಿಗಳ ಗಂಟನ್ನು ಬಿಚ್ಚಿ, ಚೀಟಿಯನ್ನು ಅದರೊಳಗಿಟ್ಟು ಮತ್ತೆ ಕಟ್ಟಿ, “ಚಾ ಕುಡದು ಹೋಗೂಣ ಬರ್ರಿ” ಎಂದು ಎದ್ದರು.